ಸೂಜಿ ಎಲ್ಲಿಗೆ ಚುಚ್ಚಿದರು ಅಂತ ಮೊದಲು ಕೇಳಿ

"ಇಲಿ ಮೇಲೆ ಟೆಸ್ಟ್ ಮಾಡಿದ್ದಾರಂತೆ, ಏನೂ ಆಗಿಲ್ಲವಂತೆ." ಔಷಧಿ ವಿಷಯ ಬಂದಾಗೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಶಿರಸಿಯ ಮೆಡಿಕಲ್ ಶಾಪ್ ಎದುರು ಕೇಳಿದ್ದೇನೆ, ಕುಮಟಾ ಬಸ್ಸಿನಲ್ಲಿ ಕೇಳಿದ್ದೇನೆ. ಇದಕ್ಕೊಂದು ಜೋಡಿ ಮಾತೂ ಇದೆ: "ಪ್ರಾಣಿಯಿಂದ ತೆಗೆದದ್ದು, ನ್ಯಾಚುರಲ್, ಸೈಡ್ ಇಫೆಕ್ಟ್ ಇಲ್ಲ." ಎರಡೂ ತಪ್ಪು. ಹಾವು, ಹಲ್ಲಿ, ಸಮುದ್ರದ ಬಸವನಹುಳ, ಇವುಗಳ ವಿಷದಿಂದ ಬಂದ ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಂಡಿನಂಥದ್ದು) ಔಷಧಿಗಳ ಕತೆ ಗೊತ್ತಿದ್ದವರು ಇಷ್ಟು ಸಲೀಸಾಗಿ ಮಾತಾಡುವುದಿಲ್ಲ. ಅವರು ಮೊದಲು ಕೇಳುವುದೇ ಬೇರೆ. ಎಲ್ಲಿಗೆ ಚುಚ್ಚಿದರು? ಹೊಟ್ಟೆಗಾ, ರಕ್ತನಾಳಕ್ಕಾ, ಬೆನ್ನುಹುರಿಯ ಹತ್ತಿರವಾ? ಎಷ್ಟು ವಯಸ್ಸಿನ ಇಲಿ? ಎಷ್ಟು ದಿನ ನೋಡಿದರು?

ಬಸವನಹುಳದಿಂದ ಶುರು ಮಾಡೋಣ. ಕಾರವಾರದ ಟಾಗೋರ್ ಬೀಚಿನಲ್ಲಿ, ಮಾಜಾಳಿಯಲ್ಲಿ, ದೇವಬಾಗದಲ್ಲಿ ಮಕ್ಕಳು ಚಿಪ್ಪು ಹೆಕ್ಕುತ್ತಾ ಇರುತ್ತಾರೆ. ನಾನು ಹೇಳುತ್ತಿರುವ ಬಸವನಹುಳದ ಚಿಪ್ಪು ಕೋನ್ ಶಂಖ, ಅದರ ಗುರುತು ಕಷ್ಟವಿಲ್ಲ. ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ, ಅಗಲದ ಕಡೆ ಸಣ್ಣ ಸುರುಳಿ, ಮೈ ಉದ್ದಕ್ಕೂ ಒಂದೇ ಒಂದು ಕಿರಿದಾದ ಸೀಳು. ಆ ಸೀಳಿನ ಒಳಗೆ ಇರುವ ಹುಳ ಪೊಳ್ಳು ಹಲ್ಲನ್ನು ಹೊರಗೆ ಚಾಚಿ ಬೇಟೆಗೆ ವಿಷ ಚುಚ್ಚುತ್ತದೆ. ಭಾರತದ ಎರಡೂ ಕರಾವಳಿಯಲ್ಲಿ ಈ ಕೋನಸ್ ಜಾತಿಯವು ಇವೆ, ಎಲ್ಲವೂ ವಿಷದವೇ. ಖಾಲಿ ಚಿಪ್ಪು ಏನೂ ಮಾಡುವುದಿಲ್ಲ. ಒಳಗೆ ಜೀವ ಇರೋದನ್ನು ಮಾತ್ರ ಸುಮ್ನೆ ಕೂಡ ಮುಟ್ಟಬಾರದು. ಕೋನಸ್ ಜಿಯೋಗ್ರಾಫಸ್ ಅನ್ನುವ ಜಾತಿ ಮನುಷ್ಯರನ್ನೇ ಕೊಂದಿದೆ.

ಇದರ ಬೆನ್ನು ಬಿದ್ದವರು ಫಿಲಿಪ್ಪೀನ್ಸಿನ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ. ಅಮೆರಿಕದಲ್ಲಿ ಡಿಎನ್‌ಎ ಕೆಲಸ ಕಲಿತು ಊರಿಗೆ ವಾಪಸ್ ಬಂದರೆ ಅದಕ್ಕೆ ಬೇಕಾದ ಯಂತ್ರಗಳೇ ಇರಲಿಲ್ಲ. ಸಮುದ್ರ ಇತ್ತು, ಶಂಖ ಇತ್ತು. ಸಹೋದ್ಯೋಗಿ ಲೂರ್ಡೆಸ್ ಕ್ರೂಸ್ ಜೊತೆ ಸೇರಿ ವಿಷವನ್ನು ಭಾಗ ಭಾಗ ಮಾಡಿ ಸುಂಡಿಲಿಯ ಹೊಟ್ಟೆಗೆ ಚುಚ್ಚುತ್ತಿದ್ದರು. ತಂತಿ ಬಲೆಗೆ ಸುಂಡಿಲಿಯನ್ನು ತಲೆಕೆಳಗಾಗಿ ಹಿಡಿಸುವುದು, ಕೈಕಾಲು ಸೋತು ಎಷ್ಟು ಹೊತ್ತಿಗೆ ಬೀಳುತ್ತದೆ ಅಂತ ನೋಡುವುದು. ಅಷ್ಟೇ ಪರೀಕ್ಷೆ. ಬಿದ್ದರೆ ಆ ಭಾಗದಲ್ಲಿ ವಿಷ ಇದೆ. ಬೀಳದ ಭಾಗಗಳಲ್ಲಿ ಏನೂ ಇಲ್ಲ ಅಂತ ಅನಿಸುವುದು ಸಹಜ, ಅಲ್ವಾ?

ಮುಂದೆ ಒಲಿವೆರಾ ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಕ್ರೇಗ್ ಕ್ಲಾರ್ಕ್ ಎಂಬ ಪದವಿ ವಿದ್ಯಾರ್ಥಿ, ಇನ್ನೂ ಹುಡುಗ, ಅದೇ ಭಾಗಗಳನ್ನು ಹೊಟ್ಟೆಗೆ ಬದಲು ನೇರ ಮಿದುಳಿಗೆ ಚುಚ್ಚಿ ನೋಡೋಣ ಅಂದ. ಬೇರೆಯದೇ ಲೋಕ ತೆರೆದುಕೊಂಡಿತು. ಒಂದು ಭಾಗ ಚುಚ್ಚಿದರೆ ಸುಂಡಿಲಿ ಗಡಗಡ ನಡುಗುತ್ತದೆ. ಇನ್ನೊಂದಕ್ಕೆ ಮೈ ಕೆರೆದುಕೊಳ್ಳುತ್ತದೆ. ಮತ್ತೊಂದಕ್ಕೆ ಗಿರಗಿರ ಸುತ್ತುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿದ್ದೆ ಬರಿಸುವ ಪೆಪ್ಟೈಡ್, ಹೆಸರು ಕೊನಾಂಟೊಕಿನ್-ಜಿ. ಎರಡು ವಾರದೊಳಗಿನ ಮರಿಗೆ ಕೊಟ್ಟರೆ ಮಲಗಿಬಿಡುತ್ತದೆ. ಮೂರು ವಾರ ದಾಟಿದ ಸುಂಡಿಲಿಗೆ ಅದನ್ನೇ ಕೊಟ್ಟರೆ ನಿಂತಲ್ಲಿ ನಿಲ್ಲದೆ ಓಡಾಡುತ್ತದೆ! ಅದೇ ಪ್ರಾಣಿ, ಅದೇ ಔಷಧಿ, ಬದಲಾಗಿದ್ದು ವಯಸ್ಸು ಮಾತ್ರ. ಈಗ ಹೇಳಿ, "ಇಲಿಗೆ ಏನೂ ಆಗಿಲ್ಲ" ಅನ್ನುವ ಮಾತಿಗೆ ಏನು ಅರ್ಥ?

ನಡುಕ ಬರಿಸುವ ಗುಂಪಿನ ಒಂದು ಪೆಪ್ಟೈಡೇ ಮುಂದೆ ಔಷಧಿಯಾಯಿತು. ಕೋನಸ್ ಮ್ಯಾಗಸ್ ಅನ್ನುವ ಶಂಖದ್ದು, 25 ಅಮೈನೋ ಆಮ್ಲಗಳ ಸಣ್ಣ ಸರಪಳಿ. ಬೇರ್ಪಡಿಸಿದವ ಮೈಕೆಲ್ ಮೆಕಿಂಟಾಷ್, ಅವನೂ ಆಗಷ್ಟೇ ಕಾಲೇಜು ಸೇರಿದ್ದ ಹುಡುಗ. ಔಷಧಿಯ ಹೆಸರು ಝಿಕೊನೊಟೈಡ್. ಬೇರೆ ಯಾವುದಕ್ಕೂ ಬಗ್ಗದ ತೀವ್ರ ನೋವಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದು ಅಘನಾಶಿನಿ ದಂಡೆಯ ಗಜನಿ ಗದ್ದೆ ನೋಡಿದವರಿಗೆ ತಕ್ಷಣ ಹೊಳೆಯುತ್ತದೆ. ಗಜನಿಯ ಒಡ್ಡಿನಲ್ಲಿ ಹಲಗೆಯ ಬಾಗಿಲು ಇರುತ್ತದೆ. ಉಬ್ಬರದ ಹೊತ್ತಿಗೆ ತೆಗೆದರೆ ಹೊಳೆಯ ಉಪ್ಪುನೀರು ತಾನಾಗಿಯೇ ನುಗ್ಗುತ್ತದೆ, ಯಾರೂ ದೂಡಬೇಕಾಗಿಲ್ಲ. ನರದ ತುದಿಯಲ್ಲೂ ಇಂಥ ಬಾಗಿಲುಗಳಿವೆ. ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸಾವಿರಾರು ಪಟ್ಟು ಜಾಸ್ತಿ. ನೋವಿನ ಸಂಕೇತ ಬಂದ ಕೂಡಲೇ ಬಾಗಿಲು ತೆರೆದು ಕ್ಯಾಲ್ಸಿಯಂ ನುಗ್ಗುತ್ತದೆ. ಅದು ನುಗ್ಗಿದರೆ ಮಾತ್ರ ನರ ತನ್ನ ರಾಸಾಯನಿಕವನ್ನು ಮುಂದಿನ ನರಕ್ಕೆ ಸುರಿಯುತ್ತದೆ. ಶಂಖದ ಪೆಪ್ಟೈಡ್ ಈ ಬಾಗಿಲನ್ನೇ ಮುಚ್ಚಿ ಕೂರುತ್ತದೆ, ಸಂಕೇತ ಅಲ್ಲೇ ನಿಲ್ಲುತ್ತದೆ. ಆದರೆ ಬಾಗಿಲುಗಳಲ್ಲೂ ಜಾತಿ ಇದೆ. ಇದು ಮುಚ್ಚುವುದು ಎನ್-ಟೈಪ್ ಬಾಗಿಲನ್ನು. ಕಪ್ಪೆಯ ಸ್ನಾಯುವಿಗೆ ಹೋಗುವ ನರದಲ್ಲಿ ಇರುವುದು ಇದೇ, ಹಾಗಾಗಿ ಕಪ್ಪೆಗೆ ಲಕ್ವ ಹೊಡೆಯುತ್ತದೆ. ಸುಂಡಿಲಿಯ ಸ್ನಾಯುವಿನ ನರದಲ್ಲಿ ಇರುವುದು ಪಿ/ಕ್ಯೂ ಅನ್ನುವ ಬೇರೆ ಬಾಗಿಲು. ಅದಕ್ಕೇ ಸುಂಡಿಲಿಯ ಹೊಟ್ಟೆಗೆ ಚುಚ್ಚಿದಾಗ ಅದು ತಂತಿಯಿಂದ ಬೀಳಲಿಲ್ಲ. ಬರೀ ಆ ತಂತಿ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದರೆ ಈ ಔಷಧಿ ಕಸದ ಬುಟ್ಟಿಗೆ ಹೋಗುತ್ತಿತ್ತು.

ಮುಂದಿನ ಕೆಲಸಕ್ಕೆ ದೊಡ್ಡ ಬಿಳಿ ಇಲಿ ಬಂತು. ಇಲಿಯ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೂದಲಿನಂಥ ನಳಿಕೆ ಇಟ್ಟು ಔಷಧಿ ಬಿಡುವ ವಿಧಾನವನ್ನು ಯಾಕ್ಷ್ ಮತ್ತು ರೂಡಿ ಎಂಬ ವಿಜ್ಞಾನಿಗಳು 1976ರಲ್ಲೇ ಕೊಟ್ಟಿದ್ದರು. ನೋವು ಅಳೆಯುವ ರೀತಿ ಹೀಗೆ: ಹಿಂಗಾಲಿನ ಪಾದಕ್ಕೆ ಫಾರ್ಮಲಿನ್ ಎಂಬ ಉರಿ ಬರಿಸುವ ರಾಸಾಯನಿಕವನ್ನು ಒಂದು ಹನಿ ಚುಚ್ಚುತ್ತಾರೆ. ಇಲಿ ಕಾಲು ಕೊಡವುತ್ತದೆ, ನೆಕ್ಕುತ್ತದೆ. ಕೆಲವು ನಿಮಿಷಕ್ಕೆ ಸುಮ್ಮನಾಗುತ್ತದೆ. ಆಮೇಲೆ ಮತ್ತೆ ಶುರು, ಸುಮಾರು ಒಂದು ಗಂಟೆಯವರೆಗೆ. ಪಕ್ಕದಲ್ಲಿ ಕುಳಿತವರು ಪ್ರತಿ ಕೊಡವುವಿಕೆಯನ್ನೂ ಎಣಿಸಿ ಬರೆಯಬೇಕು. ಔಷಧಿ ಕೊಟ್ಟಾಗ ಎಣಿಕೆ ಇಳಿದರೆ ನೋವು ಇಳಿಯಿತು ಅಂತ ಲೆಕ್ಕ. ಓದುವಾಗ ಸಂಕಟವಾಗುತ್ತದೆ, ಆಗಬೇಕಾದದ್ದೇ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ನಮ್ಮ ದೇಶದಲ್ಲಿ ಇಂಥದ್ದನ್ನು ಮಾಡುವ ಹಾಗಿಲ್ಲ.

ಅದೇ ಔಷಧಿ ರಕ್ತನಾಳಕ್ಕೆ ಹೋದರೆ? ರಕ್ತನಾಳಗಳನ್ನು ಬಿಗಿಯಾಗಿ ಇಡುವ ನರಗಳಲ್ಲೂ ಎನ್-ಟೈಪ್ ಬಾಗಿಲೇ ಇರುವುದು. ಬಿಪಿ ಕುಸಿಯುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಅದಕ್ಕೇ ಇದನ್ನು ಪಂಪ್ ಇಟ್ಟು ಬೆನ್ನುಹುರಿಯ ದ್ರವಕ್ಕೆ ಮಾತ್ರ ಕೊಡುತ್ತಾರೆ. ಶುರುವಿಗೆ ದಿನಕ್ಕೆ 2.4 ಮೈಕ್ರೋಗ್ರಾಂ, ಎಷ್ಟೇ ಏರಿಸಿದರೂ 19.2 ದಾಟುವಂತಿಲ್ಲ. ಅಷ್ಟರಲ್ಲೂ ಮನಸ್ಸಿನ ಮೇಲೆ ತೀವ್ರ ಪರಿಣಾಮ ಆಗಬಹುದು ಅಂತ ಲೇಬಲ್ಲಿನಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಇದೆ. ಇಲಿ ನಡುಗಿದ್ದು ಕಾಣುತ್ತದೆ, ಬಿದ್ದದ್ದು ಕಾಣುತ್ತದೆ. "ಗೋಡೆ ಮೇಲೆ ಇಲ್ಲದ್ದೇನೋ ಕಾಣಿಸುತ್ತಿದೆ" ಅಂತ ಅದು ಹೇಳಲಾರದು.

ಒಂದು ಮಾತು ಎಲ್‌ಡಿ50 ಬಗ್ಗೆ. ಅರ್ಧದಷ್ಟು ಪ್ರಾಣಿ ಸಾಯುವ ಪ್ರಮಾಣ ಅದು. 1927ರಲ್ಲಿ ಟ್ರೆವನ್ ಎಂಬ ವಿಜ್ಞಾನಿ ಇದನ್ನು ತಂದದ್ದು ಡಿಜಿಟಾಲಿಸ್ (ಹೃದಯದ ಔಷಧಿ), ಇನ್ಸುಲಿನ್‌ನಂಥವುಗಳ ಒಂದು ಬ್ಯಾಚಿಗೂ ಇನ್ನೊಂದಕ್ಕೂ ಶಕ್ತಿಯಲ್ಲಿ ಎಷ್ಟು ವ್ಯತ್ಯಾಸ ಅಂತ ನೋಡಲು. ಆಮೇಲೆ ಜನ ಅದನ್ನೇ ಸುರಕ್ಷತೆಯ ಅಳತೆ ಮಾಡಿಕೊಂಡರು. ಹಳೆಯ ಆ ಪರೀಕ್ಷೆಯನ್ನು ಇಂಥ ಪರೀಕ್ಷೆಗಳ ಮಾರ್ಗಸೂಚಿ ಬರೆಯುವ ದೇಶಗಳ ಕೂಟ ಒಇಸಿಡಿ 2002ರಲ್ಲಿ ಕೈಬಿಟ್ಟಿತು. ಈಗಿನ ಒಂದು ವಿಧಾನದಲ್ಲಿ ಒಂದು ಹಂತಕ್ಕೆ ಮೂರೇ ಪ್ರಾಣಿ. ಕೊಟ್ಟ ಮೊದಲ ಅರ್ಧ ಗಂಟೆ, ಆಮೇಲೆ ಮೊದಲ ನಾಲ್ಕು ತಾಸು ಕಣ್ಣಿಟ್ಟು ನೋಡಬೇಕು, ಮುಂದೆ 14 ದಿನ ದಿನಾ ನೋಡಬೇಕು. ನಮ್ಮ ದೇಶದ ಔಷಧಿ ನಿಯಮವೂ ಮನುಷ್ಯನಿಗೆ ಕೊಡುವ ದಾರಿಯಲ್ಲೇ ಪ್ರಾಣಿಗೂ ಕೊಟ್ಟು ನೋಡಿ ಅನ್ನುತ್ತದೆ. ಮೈಗೆ ಸೇರಿದ್ದು ಖಾತ್ರಿಯಾಗಲು ಇನ್ನೊಂದು ದಾರಿಯಲ್ಲೂ ನೋಡಿ ಅನ್ನುತ್ತದೆ.

ದಾರಿಯ ಈ ವಿಷಯ ಗೊತ್ತಿಲ್ಲದೆ ನಮ್ಮ ಕಡೆ ನಡೆಯುವ ಅನಾಹುತ ನನಗೆ ನಿಜಕ್ಕೂ ಚಿಂತೆ ತರುತ್ತದೆ. ಸೊಂಟನೋವಿಗೆ ಉಡದ ಮಾಂಸ, ಶಕ್ತಿಗೆ ಉಡದ ರಕ್ತ. ಹಲ್ಲಿಯ ವಿಷದಿಂದ ಸಕ್ಕರೆ ಕಾಯಿಲೆಗೆ ಔಷಧಿ ಬಂದಿದೆ ಅಂತ ಯಾರೋ ಓದಿದರೆ ಅದಕ್ಕೂ ಉಡವೇ ಬಲಿ. ಪೆಪ್ಟೈಡ್ ಬಾಯಿಂದ ಹೊಟ್ಟೆಗೆ ಹೋದರೆ ನೀವು ತಿಂದ ಬಂಗುಡೆಯ ಪ್ರೋಟೀನಿನ ಹಾಗೇ ಜೀರ್ಣವಾಗಿ ಹೋಗುತ್ತದೆ. ಇನ್ಸುಲಿನ್ ಕುಡಿಯುವ ಔಷಧಿ ಆಗದೆ ಚುಚ್ಚುವ ಔಷಧಿಯಾಗಿ ಉಳಿದದ್ದು ಅದಕ್ಕೇ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಎಂಬ ಪೆಪ್ಟೈಡಿನ ಮಾತ್ರೆ ಬಂದಿದೆ ನಿಜ. ಹೀರಿಕೊಳ್ಳಲು ನೆರವಾಗುವ ಬೇರೊಂದು ವಸ್ತು ಸೇರಿಸಿದ ಮೇಲೂ ರಕ್ತಕ್ಕೆ ಸೇರುವುದು ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲು, ಅಷ್ಟೂ ಇಲ್ಲ. ಉಡ ಕೊಂದರೆ ವನ್ಯಜೀವಿ ಕಾಯ್ದೆಯಲ್ಲಿ ಜೈಲು, ಸಿಗುವ ಲಾಭ ಸೊನ್ನೆ.

ಆ ಹಲ್ಲಿ ಅಮೆರಿಕದ ಗಿಲಾ ಮಾನ್ಸ್ಟರ್. ಅದರ ವಿಷದಲ್ಲಿ ವಿಜ್ಞಾನಿ ಜಾನ್ ಎಂಗ್ 1992ರಲ್ಲಿ 39 ಅಮೈನೋ ಆಮ್ಲಗಳ ಪೆಪ್ಟೈಡ್ ಗುರುತಿಸಿದರು. ಊಟವಾದಾಗ ಇನ್ಸುಲಿನ್ ಬಿಡಿಸುವ ನಮ್ಮ ಕರುಳಿನ ಜಿಎಲ್‌ಪಿ-1 ಹಾರ್ಮೋನಿನ ಕೆಲಸವನ್ನೇ ಇದೂ ಮಾಡುತ್ತದೆ. ನಮ್ಮದು ರಕ್ತದಲ್ಲಿ ಒಂದೆರಡು ನಿಮಿಷಕ್ಕೆ ತುಂಡಾಗುತ್ತದೆ, ಹಲ್ಲಿಯದು ತಾಸುಗಟ್ಟಲೆ ಉಳಿಯುತ್ತದೆ. ಅದೇ 2005ರಲ್ಲಿ ಎಕ್ಸೆನಟೈಡ್ ಔಷಧಿಯಾಯಿತು. ಈಗ ಪೇಟೆಯಲ್ಲೆಲ್ಲ ಮಾತಾಗಿರುವ ತೂಕ ಇಳಿಸುವ ಸೆಮಾಗ್ಲುಟೈಡ್ ಹಲ್ಲಿಯದಲ್ಲ, ಮನುಷ್ಯನ ಜಿಎಲ್‌ಪಿ-1 ಅನ್ನೇ ತಿದ್ದಿ ಮಾಡಿದ್ದು. ಆದರೆ ಬಂಧು ಹೌದು.

ಈ ಗುಂಪಿನ ಹಲವು ಔಷಧಿಗಳನ್ನು ಇಲಿ, ಸುಂಡಿಲಿಗಳಿಗೆ ಹೆಚ್ಚುಕಡಿಮೆ ಆಯಸ್ಸಿಡೀ, ಅಂದರೆ ಎರಡು ವರ್ಷ ಕೊಟ್ಟು ನೋಡಿದಾಗ ಥೈರಾಯ್ಡಿನ ಸಿ-ಕೋಶಗಳಲ್ಲಿ ಗಡ್ಡೆ ಬಂತು. 14 ದಿನದ ಪರೀಕ್ಷೆಯಲ್ಲಿ ಇದು ಕಾಣುವ ಮಾತೇ ಇಲ್ಲ. ಹಾಗಂತ ಫೋನಿನಲ್ಲಿ ಬರುವ "ಈ ಇಂಜೆಕ್ಷನ್‌ನಿಂದ ಕ್ಯಾನ್ಸರ್" ಅನ್ನುವ ಮೆಸೇಜೂ ಸರಿಯಲ್ಲ. ಇಲಿಗಳ ಸಿ-ಕೋಶದಲ್ಲಿ ಜಿಎಲ್‌ಪಿ-1 ಹಿಡಿಯುವ ಗ್ರಾಹಕಗಳು ತುಂಬಾ, ಮಂಗ ಮತ್ತು ಮನುಷ್ಯನಲ್ಲಿ ತೀರಾ ಕಡಿಮೆ. ಮುದಿ ಇಲಿಗಳಿಗೆ ಔಷಧಿ ಇಲ್ಲದೆಯೂ ಆ ಗಡ್ಡೆ ಬರುವುದುಂಟು. ಆದರೂ ಲೇಬಲ್ಲಿನಲ್ಲಿ ಎಚ್ಚರಿಕೆ ಉಳಿಸಿಕೊಂಡಿದ್ದಾರೆ, ಉಳಿಸಿಕೊಂಡದ್ದು ಸರಿ ಅನ್ನುವವ ನಾನು. ನಿಮಗೆ ಅಥವಾ ಮನೆಯವರಿಗೆ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ (ಇದೇ ಸಿ-ಕೋಶಗಳ ಕ್ಯಾನ್ಸರ್) ಆಗಿದ್ದರೆ ಈ ಇಂಜೆಕ್ಷನ್ ತೆಗೆದುಕೊಳ್ಳಬಾರದು. ಡಾಕ್ಟರು ಕೇಳದಿದ್ದರೂ ನೀವೇ ಮೊದಲು ಹೇಳಿ.