ಜೇನ್ ಆಸ್ಟಿನ್ ತನ್ನ ಪುಸ್ತಕಗಳಿಂದ ಎಷ್ಟು ಸಂಪಾದಿಸಿದಳು?

ಇಂಗ್ಲೆಂಡಿನ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅಂದರೆ ಹಳ್ಳಿಯ ಮನೆಯಲ್ಲಿ ಕೂತು ಸುಮ್ನೆ ಖುಷಿಗೆ ಬರೆದವಳು, ಹೆಸರು, ಹಣ ಎರಡೂ ಬೇಡದವಳು ಅನ್ನೋ ಮಾತು ಬಹಳ ಹಳೆಯದು. ಅದನ್ನು ಹರಡಿದವರು ಮನೆಯವರೇ. 1817ರಲ್ಲಿ ಆಕೆ ತೀರಿಕೊಂಡ ಮೇಲೆ ಅಣ್ಣ ಹೆನ್ರಿ ಬರೆದ ಪರಿಚಯದಲ್ಲಿ ಹೀಗೇ ಇತ್ತು. ಸುಮಾರು ಐವತ್ತು ವರ್ಷದ ನಂತರ ಇನ್ನೊಬ್ಬ ಅಣ್ಣನ ಮಗ ಬರೆದ ಜೀವನಚರಿತ್ರೆ ಅದನ್ನೇ ಗಟ್ಟಿ ಮಾಡಿತು. ಆದರೆ ಆಕೆಯ ಕಾಗದಗಳನ್ನು ಓದಿ ನೋಡಿ. ಪ್ರತಿ ಪೌಂಡಿನ ಲೆಕ್ಕ ಇಟ್ಟ ವೃತ್ತಿಪರ ಲೇಖಕಿ ಅಲ್ಲಿದ್ದಾಳೆ.

ಹುಟ್ಟಿದ್ದು 1775ರಲ್ಲಿ, ಹ್ಯಾಂಪ್‌ಶೈರ್‌ನ ಸ್ಟೀವನ್‌ಟನ್ ಎಂಬ ಹಳ್ಳಿಯಲ್ಲಿ. ಅಪ್ಪ ಪಾದ್ರಿ. ಎಂಟು ಮಕ್ಕಳಲ್ಲಿ ಈಕೆ ಏಳನೆಯವಳು. 1797ರಲ್ಲಿ ಅಪ್ಪನೇ ಮಗಳ ಕಾದಂಬರಿಯೊಂದರ ಬಗ್ಗೆ ಲಂಡನ್ನಿನ ಪ್ರಕಾಶಕ ಕ್ಯಾಡೆಲ್‌ಗೆ ಬರೆದರು. ಹಸ್ತಪ್ರತಿ ತರಿಸಿಕೊಂಡು ನೋಡುವುದಕ್ಕೂ ಆತ ಒಪ್ಪಲಿಲ್ಲ. ಅದೇ ಕಾದಂಬರಿ ಮುಂದೆ ತಿದ್ದುಪಡಿಯಾಗಿ 'ಪ್ರೈಡ್ ಅಂಡ್ ಪ್ರೆಜುಡಿಸ್' ಆಯಿತು.

1803ರಲ್ಲಿ 'ಸೂಸನ್' ಎಂಬ ಇನ್ನೊಂದು ಕಾದಂಬರಿಯನ್ನು ಕ್ರಾಸ್ಬಿ ಎಂಬ ಪ್ರಕಾಶಕ 10 ಪೌಂಡಿಗೆ ಕೊಂಡ. ಕೊಂಡವನು ಅಚ್ಚು ಹಾಕಲೇ ಇಲ್ಲ. ಆರು ವರ್ಷ ಕಾದು ಜೇನ್ ಬೇರೆ ಹೆಸರಿನಲ್ಲಿ ಅವನಿಗೆ ಖಾರವಾಗಿಯೇ ಬರೆದಳು. ಬೇಕಿದ್ದರೆ ಅದೇ 10 ಪೌಂಡ್ ಕೊಟ್ಟು ವಾಪಸ್ ತಗೊಳ್ಳಿ, ಬೇರೆಯವರು ಅಚ್ಚು ಹಾಕಿದರೆ ತಡೆಯುತ್ತೇನೆ ಎಂದು ಉತ್ತರ ಬಂತು. ಆ ಹೊತ್ತಿಗೆ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಾಯಿ, ಅಕ್ಕ ಕಸಾಂಡ್ರಾ, ಜೇನ್, ಮೂವರೂ ಅಣ್ಣಂದಿರ ನೆರವಿನಲ್ಲೇ ಬದುಕುತ್ತಿದ್ದರು. ಆಗ 10 ಪೌಂಡ್ ಅಂದರೆ ಸಣ್ಣ ಮೊತ್ತ ಅಲ್ಲ. ಹಸ್ತಪ್ರತಿ ವಾಪಸ್ ಬಂದದ್ದು 1816ರಲ್ಲಿ. 'ನಾರ್ಥ್ಯಾಂಗರ್ ಅಬೆ' ಎಂಬ ಹೆಸರಿನಲ್ಲಿ ಅಚ್ಚಾಗುವಾಗ ಬರೆದವಳೇ ಇರಲಿಲ್ಲ.

1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಹಳ್ಳಿಯಲ್ಲಿ ಮನೆ ಕೊಟ್ಟ ಮೇಲೆ ಬರವಣಿಗೆಗೆ ನೆಲೆ ಸಿಕ್ಕಿತು. 1811ರಲ್ಲಿ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಹೊರಬಂತು. ಲೇಖಕಿಯ ಹೆಸರಿಲ್ಲ, 'ಒಬ್ಬ ಮಹಿಳೆ' ಎಂದಷ್ಟೇ ಇತ್ತು. ಆಗ 'ಕಮಿಷನ್' ಎಂಬ ಪದ್ಧತಿಯೊಂದಿತ್ತು. ಕಾಗದ, ಅಚ್ಚು, ಜಾಹೀರಾತು ಎಲ್ಲದರ ಖರ್ಚು ಲೇಖಕರದು. ಪ್ರಕಾಶಕ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ನಷ್ಟವಾದರೆ ಲೇಖಕರ ತಲೆಗೆ. ಹಾಗಾಗಿ ಜೇನ್ ತನ್ನ ಚೂರುಪಾರು ಹಣದಲ್ಲೇ ನಷ್ಟಕ್ಕೆಂದು ಸ್ವಲ್ಪ ತೆಗೆದಿಟ್ಟಿದ್ದಳು. ಬಂದದ್ದು 140 ಪೌಂಡ್ ಲಾಭ.

ಮುಂದಿನ ಪುಸ್ತಕದಲ್ಲಿ ಏಟು ಬಿತ್ತು. 'ಪ್ರೈಡ್ ಅಂಡ್ ಪ್ರೆಜುಡಿಸ್' ಹಕ್ಕನ್ನು ಎಗರ್ಟನ್ ಎಂಬ ಪ್ರಕಾಶಕನಿಗೆ ಪೂರ್ತಿ ಮಾರಿಬಿಟ್ಟಳು. ಕೇಳಿದ್ದು 150, ಸಿಕ್ಕಿದ್ದು 110 ಪೌಂಡ್. 1813ರಲ್ಲಿ ಬಂದ ಪುಸ್ತಕ ಅದೇ ವರ್ಷ ಎರಡನೇ ಮುದ್ರಣ ಕಂಡಿತು. ಆ ಲಾಭದಲ್ಲಿ ಬರೆದವಳಿಗೆ ಒಂದು ಪೆನ್ನಿಯೂ ಇಲ್ಲ! ಅಷ್ಟಾದರೂ ನೌಕಾಪಡೆಯಲ್ಲಿದ್ದ ಅಣ್ಣ ಫ್ರಾಂಕ್‌ಗೆ ಆ ಬೇಸಿಗೆಯಲ್ಲಿ ಬರೆದ ಕಾಗದದಲ್ಲಿ ಹುರುಪಿದೆ: ಬರೆದು ಬರೆದು 250 ಪೌಂಡ್ ಆಯಿತು, ಇನ್ನೂ ಬೇಕು ಅನ್ನಿಸುತ್ತಿದೆ. ಹೊಗಳಿಕೆ ಇಷ್ಟ, ದುಡ್ಡೂ ಇಷ್ಟ ಎಂದು ಮರುವರ್ಷ ಅಣ್ಣನ ಮಗಳು ಫ್ಯಾನಿಗೂ ಬರೆದಳು. ಹಣ ಬೇಡದವರ ಮಾತೇ ಇದು?

ಆಮೇಲೆ ಆಕೆ ಹಕ್ಕು ಮಾರಲಿಲ್ಲ. 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಆರು ತಿಂಗಳಲ್ಲಿ ಖಾಲಿಯಾಯಿತು. ಜಾನ್ ಮರ್ರೆ ಎಂಬ ಹೆಸರಾಂತ ಪ್ರಕಾಶಕ 'ಎಮ್ಮಾ' ಜೊತೆಗೆ ಇನ್ನೆರಡು ಪುಸ್ತಕಗಳ ಹಕ್ಕಿಗೆ 450 ಪೌಂಡ್ ಕೊಡುತ್ತೇನೆಂದ. ವಂಚಕನೇ, ಆದರೆ ಮರ್ಯಾದಸ್ಥ ವಂಚಕ ಎಂದು ಅಕ್ಕನಿಗೆ ಬರೆದು, ಜೇನ್ ಒಪ್ಪದೆ ಕಮಿಷನ್ ಮೇಲೇ ಹೋದಳು. ಈ ಸಲ ಲೆಕ್ಕ ತಪ್ಪಿತು. 'ಎಮ್ಮಾ' ಗಳಿಸಿದ 221 ಪೌಂಡಿನಲ್ಲಿ 182 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಎರಡನೇ ಮುದ್ರಣದ ನಷ್ಟಕ್ಕೆ ಹೋಯಿತು. ಕೈಗೆ ಬಂದದ್ದು 39 ಪೌಂಡಿಗೂ ಕಡಿಮೆ. 1816ರಲ್ಲಿ ಹೆನ್ರಿಯ ಬ್ಯಾಂಕೂ ಮುಳುಗಿತು. ಆ ವರ್ಷವೇ ಆಕೆ ಕಾಯಿಲೆ ಬಿದ್ದಳು. ಮರುವರ್ಷ ಜುಲೈ 18ರಂದು ವಿಂಚೆಸ್ಟರ್‌ನಲ್ಲಿ ತೀರಿಕೊಂಡಾಗ ವಯಸ್ಸು 41.

ಬದುಕಿದ್ದಾಗ ಬಂದ ಒಟ್ಟು ಸಂಪಾದನೆ 600ರಿಂದ 700 ಪೌಂಡಿನ ನಡುವೆ. 1832ರಲ್ಲಿ ಐದು ಕಾದಂಬರಿಗಳ ಉಳಿದ ಹಕ್ಕನ್ನು ಕಸಾಂಡ್ರಾ ಮತ್ತು ಹೆನ್ರಿ ಇಬ್ಬರೂ ಸೇರಿ ರಿಚರ್ಡ್ ಬೆಂಟ್ಲಿ ಎಂಬ ಪ್ರಕಾಶಕನಿಗೆ 210 ಪೌಂಡಿಗೆ ಕೊಟ್ಟರು. 'ಪ್ರೈಡ್ ಅಂಡ್ ಪ್ರೆಜುಡಿಸ್' ಆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಬೆಂಟ್ಲಿ ಎಗರ್ಟನ್ ಕಡೆಯವರಿಂದಲೇ ಕೊಳ್ಳಬೇಕಾಯಿತು.