ಶಾಸಕರು ಹೇಳಿದ ಕೆಲಸ ಎಲ್ಲಿಗೆ ಬಂತು? ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಶಾಸಕರು ಊರಿಗೆ ಬಂದಾಗಲೆಲ್ಲ ‘ನೀರು, ರಸ್ತೆ, ಆಸ್ಪತ್ರೆಯೇ ನನ್ನ ಆದ್ಯತೆ, ಹಣ ಮಂಜೂರಾಗಿದೆ’ ಎನ್ನುತ್ತಾರೆ. ಕೆಲಸ ಮಾತ್ರ ಕಾಣುತ್ತಿಲ್ಲ. ಅವರ ಮಾತು ನಿಜವಾ ಎಂದು ತಿಳಿಯುವುದು ಹೇಗೆ?

ಉತ್ತರ: ಅವರು ಸುಳ್ಳೇ ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಕೆಲಸ ಯಾವ ಹಂತದಲ್ಲಿದೆ ಎಂದು ಕೇಳಿ. ಒಂದು ರಸ್ತೆ ಭಾಷಣದಿಂದ ಡಾಂಬರಿನವರೆಗೆ ಬರಲು ಹಲವು ಮೇಜು ದಾಟಬೇಕು. ಎಂಜಿನಿಯರ್ ಅಂದಾಜು ಪಟ್ಟಿ ಮಾಡಬೇಕು. ಆಡಳಿತಾತ್ಮಕ ಅನುಮೋದನೆ ಸಿಗಬೇಕು, ತಾಂತ್ರಿಕ ಮಂಜೂರಾತಿ ಆಗಬೇಕು. ಆಮೇಲೆ ಟೆಂಡರ್. ಅದು ಮುಗಿದ ಮೇಲೆ ಗುತ್ತಿಗೆದಾರರ ಕೈಗೆ ಕಾರ್ಯಾದೇಶ, ಅಂದರೆ ಕೆಲಸ ಶುರುಮಾಡಿ ಎಂಬ ಲಿಖಿತ ಆದೇಶ. ಇವುಗಳಲ್ಲಿ ಯಾವ ಹಂತದಲ್ಲಿ ನಿಂತರೂ ‘ಮಂಜೂರಾಗಿದೆ’ ಎನ್ನಬಹುದು. ಗುದ್ದಲಿ ಪೂಜೆ ನೋಡಿ ಕೆಲಸ ಶುರುವಾಯಿತು ಎಂದುಕೊಳ್ಳುವವರೇ ಜಾಸ್ತಿ. ಕಾರ್ಯಾದೇಶ ಆಗಿರದಿದ್ದರೆ ಆ ಪೂಜೆಯಿಂದ ಒಂದು ಬುಟ್ಟಿ ಜಲ್ಲಿಯೂ ಬೀಳುವುದಿಲ್ಲ.

ಆದ್ದರಿಂದ ‘ರಸ್ತೆ ಯಾವಾಗ ಮಾಡಿಸ್ತೀರಿ?’ ಎಂದು ಕೇಳಬೇಡಿ. ‘ಸಾರ್, ಟೆಂಡರ್ ಆಗಿದೆಯಾ? ಕಾರ್ಯಾದೇಶದ ತಾರೀಖು ಯಾವುದು?’ ಎಂದು ಕೇಳಿ. ಮೊದಲನೆಯದಕ್ಕೆ ಭರವಸೆ ಸಿಗುತ್ತದೆ, ಎರಡನೆಯದಕ್ಕೆ ಮಾಹಿತಿ ಕೊಡಲೇಬೇಕಾಗುತ್ತದೆ. ಅವರಿಗೆ ಗೊತ್ತಿಲ್ಲದಿದ್ದರೆ ಪಕ್ಕದಲ್ಲಿರುವ ಎಂಜಿನಿಯರನ್ನು ಕೇಳಿಯಾದರೂ ಹೇಳುತ್ತಾರೆ.

ಇನ್ನು ಆದ್ಯತೆಯ ಮಾತು. ಕರ್ನಾಟಕದ ಪ್ರತಿ ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಹಣ ಅವರ ಕೈಗೆ ಬರುವುದಿಲ್ಲ. ಯಾವ ಕೆಲಸ ಆಗಬೇಕೆಂದು ಅವರು ಶಿಫಾರಸು ಮಾಡುತ್ತಾರೆ, ಹಣ ಜಿಲ್ಲಾಧಿಕಾರಿ ಕಚೇರಿಯ ಮೂಲಕ ಹೋಗುತ್ತದೆ. ಇಡೀ ಕ್ಷೇತ್ರಕ್ಕೆ ಇದು ದೊಡ್ಡ ಮೊತ್ತವಲ್ಲ, ನಿಜ. ಆದರೆ ಶಾಸಕರ ಮನಸ್ಸು ಎಲ್ಲಿದೆ ಎಂದು ತಿಳಿಯಲು ಈ ಶಿಫಾರಸುಗಳ ಪಟ್ಟಿಗಿಂತ ಒಳ್ಳೆಯ ದಾಖಲೆ ನನಗೆ ಕಂಡಿಲ್ಲ. ಆಸ್ಪತ್ರೆ ಮುಖ್ಯ ಎನ್ನುವವರು ಸಮುದಾಯ ಭವನಗಳನ್ನೇ ಶಿಫಾರಸು ಮಾಡಿದ್ದರೆ ಪಟ್ಟಿಯಲ್ಲಿ ಅದು ಕಾಣುತ್ತದೆ. ಪಟ್ಟಿ ಸುಮ್ನೆ ಕೇಳಿದರೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು.

ವಿಧಾನಸಭೆಯಲ್ಲಿ ಅವರು ಏನು ಕೇಳಿದರು ಎಂಬುದನ್ನೂ ನೋಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಮೇಲೊಂದು ಉಪಪ್ರಶ್ನೆಯನ್ನೂ ಹಾಕಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಹುದ್ದೆ ಖಾಲಿ ಇದೆ ಎಂದು ಅವರು ಕೇಳಿದ್ದರೆ ಸರ್ಕಾರದ ಉತ್ತರ ದಾಖಲೆಯಾಗಿ ಉಳಿಯುತ್ತದೆ. ನಿಮ್ಮ ಶಾಸಕರು ಸಚಿವರಾಗಿದ್ದರೆ ಮಾತ್ರ ಈ ಲೆಕ್ಕ ಬೇರೆ. ಅವರು ಪ್ರಶ್ನೆ ಕೇಳುವವರಲ್ಲ, ಉತ್ತರ ಕೊಡುವವರು.

ಬಹಳ ಜನ ಗಮನಿಸದ ಇನ್ನೊಂದು ಜಾಗ ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ. ಅಲ್ಲಿ ಶಾಸಕರು ಇಲಾಖೆಗಳ ಪ್ರಗತಿ ಪರಿಶೀಲಿಸುತ್ತಾರೆ. ಕುಡಿಯುವ ನೀರಿನ ಕೆಲಸ ನಿಂತಿದ್ದರೆ ಅಧಿಕಾರಿಯನ್ನು ಎಲ್ಲರೆದುರು ಕೇಳುವ ಅವಕಾಶ ಅವರಿಗೆ ಅಲ್ಲಿದೆ. ಅನುಮತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಅರ್ಜಿ ನೋಡುವ ಬಗರ್‌ಹುಕುಂ ಸಕ್ರಮ ಸಮಿತಿಗೂ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಉಳುಮೆ ಮಾಡುವ ಜಮೀನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿರುವ ಕುಟುಂಬಕ್ಕೆ ಯಾವ ಭಾಷಣಕ್ಕಿಂತಲೂ ಈ ಸಭೆ ದೊಡ್ಡದು, ಅಲ್ವಾ? ಅದು ಕೊನೆಯದಾಗಿ ಯಾವಾಗ ನಡೆಯಿತು, ಎಷ್ಟು ಅರ್ಜಿ ಇತ್ಯರ್ಥವಾಯಿತು ಎಂದು ಧೈರ್ಯವಾಗಿ ಕೇಳಿ.

ಕೇಳುವುದನ್ನು ಬರವಣಿಗೆಯಲ್ಲಿ ಕೊಡಿ. ಒಂದು ಪತ್ರದಲ್ಲಿ ಒಂದೇ ಕೆಲಸ, ಊರಿನ ನಾಲ್ಕಾರು ಜನರ ಸಹಿ. ಶಾಸಕರ ಕಚೇರಿಯಲ್ಲಿ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಮುಂದಿನ ಸಲ ಅವರು ಊರಿಗೆ ಬಂದಾಗ ಆ ಪ್ರತಿ ತೋರಿಸಿ ಮಾತು ಶುರುಮಾಡಿ.