ರೊಮೆರಿಯಾವನ್ನು ಮೆರವಣಿಗೆ ಅನ್ನಬೇಡಿ

ಸ್ಪೇನಿನ ಚಿತ್ರಕಾರ ಗೋಯಾನ ‘ಸಾನ್ ಇಸಿದ್ರೊ ಹುಲ್ಲುಗಾವಲು’ ಚಿತ್ರದ ಕೆಳಗೆ ಮತ್ತೆ ‘ಸಂತನ ಮೆರವಣಿಗೆ’ ಅಂತ ಬರೆದದ್ದು ಕಣ್ಣಿಗೆ ಬಿತ್ತು. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಚಿತ್ರವನ್ನು ಒಂದು ನಿಮಿಷ ನೋಡಿದ್ದರೆ ಸಾಕಿತ್ತು. ಹೊತ್ತ ವಿಗ್ರಹ ಎಲ್ಲೂ ಇಲ್ಲ. ಮುಂದೆ ನಡೆಯುವ ಪಾದ್ರಿ ಇಲ್ಲ. ಜನ ಹುಲ್ಲಿನ ಮೇಲೆ ಕೂತು ವೈನ್ ಕುಡಿಯುತ್ತಿದ್ದಾರೆ, ಹೆಂಗಸರು ಕೊಡೆ ಹಿಡಿದಿದ್ದಾರೆ. ಆಚೆಗೆ ಮಾನ್ಸನಾರೆಸ್ ಹೊಳೆ, ಅದರಾಚೆ ಮ್ಯಾಡ್ರಿಡ್. ಮೇ 15, ರೈತ ಸಂತ ಇಸಿದ್ರೊನ ಹಬ್ಬ. ಇದು ರೊಮೆರಿಯಾ.

ಪದದ ಒಳಗೆ ರೋಮ್ ಇದೆ. ರೋಮಿಗೆ ಯಾತ್ರೆ ಹೋಗುವವನು ‘ರೊಮೆರೊ’. ಬರಬರುತ್ತಾ ಯಾವ ಯಾತ್ರಿಕನಿಗೂ ಅದೇ ಹೆಸರಾಯಿತು. ಊರಾಚೆಯ ಪುಟ್ಟ ಗುಡಿಗೆ ಹೋಗಿ, ಕೈಮುಗಿದು, ಅಲ್ಲೇ ಉಂಡು ಕುಣಿದು ಬರುವುದು ರೊಮೆರಿಯಾ ಆಯಿತು. ಸ್ಪ್ಯಾನಿಷ್‌ನಲ್ಲಿ ರೋಸ್‌ಮರಿ ಗಿಡವೂ ‘ರೊಮೆರೊ’ನೇ. ಹಾಗಂತ ಯಾತ್ರಿಕರು ಆ ಸೊಪ್ಪು ಮುಡಿಯುತ್ತಿದ್ದರು, ಅದಕ್ಕೇ ಈ ಹೆಸರು ಅಂತ ಕಥೆ ಕಟ್ಟಬೇಡಿ. ಗಿಡದ ಹೆಸರು ಲ್ಯಾಟಿನ್ನಿನ ‘ರೋಸ್ ಮಾರಿಸ್’ನಿಂದ ಬಂದದ್ದು, ಕಡಲ ಇಬ್ಬನಿ ಅಂತ ಅರ್ಥ. ಬೇರೆ ಬೇರೆ ಬೇರಿನ ಎರಡು ಪದ ಸವೆದು ಒಂದೇ ಸದ್ದಿಗೆ ಬಂದು ನಿಂತಿವೆ, ಅಷ್ಟೇ.

ನಮ್ಮ ‘ಜಾತ್ರೆ’ ನೋಡಿ. ಸಂಸ್ಕೃತದ ‘ಯಾತ್ರೆ’ಯೇ ಬಾಯಿಂದ ಬಾಯಿಗೆ ಜಾತ್ರೆ ಆದದ್ದು. ದಾರಿ ಹಿಡಿದು ಹೋಗುವುದಕ್ಕಿದ್ದ ಮಾತು, ಹೋಗಿ ಸೇರುವ ಗದ್ದಲಕ್ಕೆ ಅಂಟಿಕೊಂಡಿತು. ಸ್ಪೇನಿನಲ್ಲೂ ಆದದ್ದು ಇದೇ ಅಲ್ವಾ? ಇಷ್ಟು ಸರಿಯಾದ ಪದ ಮನೆಯಲ್ಲೇ ಇರುವಾಗ ಮೆರವಣಿಗೆ ಯಾಕೆ ಬೇಕು?

ಮೆರವಣಿಗೆಯ ಚಿತ್ರ ಬೇಕಾದರೆ ಮನುವೆಲ್ ಕಬ್ರಾಲ್ 1857ರಲ್ಲಿ ಬರೆದ ಸೆವಿಯ್ಯಾ ಪಟ್ಟಣದ ಕಾರ್ಪಸ್ ಉತ್ಸವ, ಅಂದರೆ ಕ್ರಿಸ್ತನ ದೇಹದ ಹಬ್ಬ, ಇದೆ. ಅದು ಪೇಟೆ ಬೀದಿಯದು, ಸ್ಪ್ಯಾನಿಷ್‌ನಲ್ಲಿ ‘ಪ್ರೊಸೆಸಿಯೋನ್’. ಅಲ್ಲಿ ದೇವರು ಜನರ ಬೀದಿಗೆ ಬರುತ್ತಾನೆ. ರೊಮೆರಿಯಾದಲ್ಲಿ ಜನ ದೇವರಿದ್ದಲ್ಲಿಗೆ ಹೋಗುತ್ತಾರೆ. ಕೆಲವು ರೊಮೆರಿಯಾಗಳಲ್ಲಿ ವಿಗ್ರಹವನ್ನೂ ಹೊರುತ್ತಾರೆ, ನಿಜ. ನಮ್ಮ ಜಾತ್ರೆಯಲ್ಲೂ ತೇರು ಎಳೆಯುತ್ತೇವೆ. ಅದಕ್ಕೆ ಇಡೀ ಜಾತ್ರೆಯನ್ನು ಮೆರವಣಿಗೆ ಅನ್ನುವುದಿಲ್ಲವಲ್ಲ. ಚಿತ್ರಕಾರ ಸೊರೊಯ್ಯಾ 1915ರಲ್ಲಿ ಸ್ಪೇನಿನ ಗಲೀಸಿಯಾ ಪ್ರಾಂತ್ಯದ ರೊಮೆರಿಯಾ ಬರೆದಾಗ ದನಗಳನ್ನೇ ಮುಂದಕ್ಕೆ ತಂದು ನಿಲ್ಲಿಸಿದ. ದನದ ಜಾತ್ರೆ ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಗೋಯಾನ ಇನ್ನೊಂದು ಇಸಿದ್ರೊ ಚಿತ್ರವನ್ನು ತೋರಿಸಿ ಇದು ಮೆರವಣಿಗೆಯೇ ಅಂತ ವಾದ ಮಾಡುವವರೂ ಇದ್ದಾರೆ. ಹುಲ್ಲುಗಾವಲಿನ ಚಿತ್ರ 1788ರದು, ಬೆಳಕು ತುಂಬಿದ ಪುಟ್ಟ ಚಿತ್ರ. ಅದಾಗಿ ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ, ಮುದುಕನಾಗಿ, ಕಿವಿ ಕೇಳದ ಗೋಯಾ ತನ್ನ ಮನೆಯ ಗೋಡೆ ಮೇಲೆ ಅದೇ ಹಬ್ಬವನ್ನು ಕಪ್ಪಾಗಿ ಬರೆದ. ಅದರಲ್ಲಿ ಜನ ಗುಂಪಾಗಿ ಬರುತ್ತಿದ್ದಾರೆ, ನಿಜ. ಆದರೆ ಅವರು ಜಾತ್ರೆಯ ದಾರಿ ಹಿಡಿದವರು. ಒಬ್ಬರ ಮೇಲೊಬ್ಬರು ಬಿದ್ದಂತೆ ಒತ್ತಿಕೊಂಡಿದ್ದಾರೆ. ಮುಂದಿನವನು ಗಿಟಾರ್ ಮೀಟುತ್ತಾ ಬಾಯಿ ಅಗಲಿಸಿದ್ದಾನೆ. ಹಾಡುತ್ತಿದ್ದಾನೋ, ಕೂಗುತ್ತಿದ್ದಾನೋ ಗೊತ್ತಾಗದಷ್ಟು ಅಗಲಕ್ಕೆ.